ಎಂಟು ಗುಂಟೆ

ಪಹಣಿಯನ್ನು ಓದುವುದರಲ್ಲಿಯೂ ಒಂದು ರಸವಿದೆಯೆಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟು ಕಾಲ ಕಳೆದ ಮೇಷ್ಟರಿಗೆ ಸರ್ವೆ ನಂಬರು, ಖಾತೆ, ಕಂದಾಯಗಳ ಗೊಡವೆ ಏಕೆ? ಆದರೆ 2021ರಲ್ಲಿ ಒಂದು ದಿನ ತಾಲ್ಲೂಕು ಕಚೇರಿಯ ಎದುರಿನ ಕಲ್ಲುಬೆಂಚಿನ ಮೇಲೆ ಒಂದು ಪಹಣಿಯನ್ನು ಕೈಯಲ್ಲಿ ಹಿಡಿದುಕೊಂಡು ನಾನು ಅರ್ಧ ಗಂಟೆ ಸುಮ್ಮನೆ ಕುಳಿತುಬಿಟ್ಟೆ. ಅದರಲ್ಲಿ ಎಂಟು ಗುಂಟೆ ನೆಲ ಇನ್ನೂ ನಮ್ಮ ತಂದೆಯವರ ಹೆಸರಿನಲ್ಲಿಯೇ ಇದ್ದಿತು. ತಂದೆಯವರು ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು. ಆ ನೆಲವನ್ನು ಅವರು ಊರಿಗೆ ಕೊಟ್ಟು ಇಪ್ಪತ್ತೇಳು ವರ್ಷಗಳಾಗಿದ್ದವು. ಅದರ ಮೇಲೆ ಒಂದು ಕೊಳವೆ ಬಾವಿ, ಒಂದು ಪಂಪುಮನೆ, ಆರು ಕಂಬಗಳ ಮೇಲೆ ನಿಂತ ದೊಡ್ಡದೊಂದು ನೀರಿನ ಟ್ಯಾಂಕು, ಇಷ್ಟೂ ಇವೆ. ಪಹಣಿಯ ಪಾಲಿಗೆ ಮಾತ್ರ ಅದು ರಾಗಿ ಬೆಳೆಯುವ ಹೊಲ, ನಮ್ಮಪ್ಪ ಅದರ ಒಡೆಯರು.

ಎಂಟು ಗುಂಟೆಯ ಮಾತನ್ನು ಪತ್ರಿಕೆಯಲ್ಲಿ ಬರೆಯುವಷ್ಟು ದೊಡ್ಡದು ಮಾಡುವುದೇ ಎಂದು ಓದುಗರು ಕೇಳಬಹುದು. ಆ ನೆಲಕ್ಕೆ ಬದಲಾಗಿ ನಮ್ಮ ಮನೆಗೆ ಒಂದು ನೌಕರಿ ಬಂದಿತು; ಆ ನೌಕರಿ ಹದಿಮೂರು ವರ್ಷ ಇದ್ದು ಹೋಯಿತು; ಹೋದದ್ದನ್ನು ಮರಳಿ ಪಡೆಯಲೆಂದು ನಾವು ನಾಲ್ಕು ವರ್ಷ ಖಟ್ಲೆ ನಡೆಸಿದೆವು. ಅರ್ಜಿಗಳನ್ನು ಬರೆದವನು ನಾನು. ಅವುಗಳಲ್ಲಿ ನಾನು ಬರೆದ ಕೆಲವು ಮಾತುಗಳು ಈಗಲೂ ನನ್ನನ್ನು ಚುಚ್ಚುತ್ತಿರುವುದರಿಂದ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಮ್ಮ ತಾತ ಊರ ಕೆರೆಯ ನೀರುಗಂಟಿ. ಬಯಲುಸೀಮೆಯ ಕೆರೆಯ ಕೆಳಗೆ ಹುಟ್ಟಿ ಬೆಳೆದವರಿಗೆ ಆ ಪದದ ತೂಕ ಗೊತ್ತು. ತೂಬನ್ನು ಎತ್ತುವವನು, ಇಳಿಸುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವವನು ಅವನೇ. ಶಾನುಭೋಗರ ಲೆಕ್ಕವಾದರೂ ತಪ್ಪಬಹುದು, ನೀರುಗಂಟಿಯ ಲೆಕ್ಕ ತಪ್ಪುವಂತಿರಲಿಲ್ಲ. ತಪ್ಪಿದರೆ ಅಚ್ಚುಕಟ್ಟಿನಲ್ಲಿ ತಲೆ ಒಡೆಯುತ್ತಿದ್ದವು. ತಾತನ ಕೈಯಲ್ಲಿ ಯಾವಾಗಲೂ ಒಂದು ಸಲಿಕೆ. ಮಡೆಯ ಬಾಯಿಗೆ ಎರಡು ಸಲಿಕೆ ಮಣ್ಣು ಹಾಕಿದರೆ ಒಬ್ಬನ ಸರದಿ ಮುಗಿಯಿತು, ಆ ಮಣ್ಣನ್ನು ತೆಗೆದು ಪಕ್ಕಕ್ಕೆ ಹಾಕಿದರೆ ಇನ್ನೊಬ್ಬನದು ಶುರು. ಕತ್ತಲೆಯ ರಾತ್ರಿಯಲ್ಲಿ ನೀರಿನ ಸದ್ದನ್ನು ಕೇಳಿಯೇ ಅದು ಯಾರ ಗದ್ದೆಗೆ ಹೋಗುತ್ತಿದೆಯೆಂದು ಹೇಳುತ್ತಿದ್ದನಂತೆ. ಈ ಚಾಕರಿಗೆ ಸಂಬಳವಿಲ್ಲ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ತರುತ್ತಿದ್ದ ಧಾನ್ಯ, ಮತ್ತು ಒಂದೂವರೆ ಎಕರೆ ಉಂಬಳಿ ಹೊಲ: ಇವೇ ಅವನ ಸಂಬಳ. ಕೆಲಸವಿರುವತನಕ ಹೊಲ, ತಂದೆಯ ತರುವಾಯ ಮಗನಿಗೆ ಎರಡೂ. ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆ, ತೋಟಿಯ ಕೆಲಸ, ಎಲ್ಲಕ್ಕೂ ಇದೇ ಕ್ರಮವಿದ್ದಿತು. ಹುದ್ದೆಯ ಹಿಂದೆ ಭೂಮಿ, ಭೂಮಿಯ ಹಿಂದೆ ವಂಶ.

ಸ್ವತಂತ್ರ ಭಾರತದಲ್ಲಿ ಇದು ನಡೆಯಲಾರದೆಂದು ಮೊದಲು ಗಟ್ಟಿಯಾಗಿ ಹೇಳಿದ್ದು ಸುಪ್ರೀಂ ಕೋರ್ಟು. ಆಂಧ್ರಪ್ರದೇಶದ ಒಂದು ಹಳ್ಳಿಯ ಗ್ರಾಮ ಮುನಸೀಫನ ಹುದ್ದೆ ಗಾಜುಲ ದಶರಥರಾಮರಾವ್ ಎಂಬವರಿಗೆ ದೊರಕಿ, ಹಿಂದಿನ ಅಧಿಕಾರಿಯ ವಂಶದವರೇ ಆಗಬೇಕೆಂಬ ಕಾರಣಕ್ಕಾಗಿ ಕೈತಪ್ಪಿದಾಗ ಅವರು ನೇರವಾಗಿ ದೆಹಲಿಗೆ ಹೋದರು. 1895ರ ಮದರಾಸಿನ ಕಾನೂನೊಂದು ಅಂಥ ಹುದ್ದೆಗಳನ್ನು ಹಿಂದಿನವರ ಕುಟುಂಬದೊಳಗೇ ಕಟ್ಟಿಹಾಕಿದ್ದಿತು. ಸರಕಾರಿ ಕೆಲಸದಲ್ಲಿ ವಂಶವನ್ನು ನೋಡಕೂಡದೆಂದು ಸಂವಿಧಾನದ 16ನೆಯ ವಿಧಿ ಹೇಳುತ್ತದೆ, ಆದುದರಿಂದ ಆ ಕಟ್ಟು ನಿಲ್ಲದು ಎಂದು 1960ರ ಡಿಸೆಂಬರಿನಲ್ಲಿ ತೀರ್ಪಾಯಿತು. ನಮ್ಮ ರಾಜ್ಯದಲ್ಲಿಯೂ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದಿತು. ತಾತನ ಹುದ್ದೆ ಹೋಯಿತು. ಹೊಲವನ್ನು ಸರಕಾರ ಒಮ್ಮೆ ತನ್ನದೆಂದು ತೆಗೆದುಕೊಂಡು ಮರುಮಂಜೂರಾತಿಯ ಮೂಲಕ ನಮಗೇ ಕೊಟ್ಟಿತು.

ತಾತನಿಗೆ ಇದೊಂದೂ ತಲೆಗೆ ಹೋಗಲಿಲ್ಲ. ಹೊಲವೇನೋ ಇದೆ, ಕೆಲಸ ಮಾತ್ರ ಇಲ್ಲವೆಂದರೆ ಏನರ್ಥ? ಕಾಲಿನಲ್ಲಿ ಶಕ್ತಿಯಿದ್ದಷ್ಟು ದಿನವೂ ಅವನು ಏರಿಯ ಮೇಲೆ ಹೋಗಿ ಬರುತ್ತಲೇ ಇದ್ದ. "ಉಂಬಳಿ ಉಂಡಮ್ಯಾಕೆ ನೀರು ನೋಡಬ್ಯಾಡವೇನಪ್ಪಾ?" ಎನ್ನುತ್ತಿದ್ದುದು ನನಗೆ ನೆನಪಿದೆ.

ಇನ್ನು 1994ಕ್ಕೆ ಬರೋಣ. ಆ ಬೇಸಿಗೆಯಲ್ಲಿ ಊರ ಬಾವಿಗಳು ತಳ ಕಂಡವು. ಹೆಂಗಸರು ಬಿಂದಿಗೆ ಹೊತ್ತು ಮುಕ್ಕಾಲು ಮೈಲಿ ನಡೆಯುತ್ತಿದ್ದರು. ಕೊಳವೆ ಬಾವಿ ತೋಡುವ ಲಾರಿ ಬಂದು ಊರ ಸುತ್ತ ಮೂರು ಕಡೆ ಕೊರೆದು ಬರಿಯ ಧೂಳನ್ನು ಎಬ್ಬಿಸಿತು. ನಾಲ್ಕನೆಯದು ನಮ್ಮ ಹೊಲದ ಮೂಲೆಯಲ್ಲಿ. ಅಲ್ಲಿ ನೀರು ಆಳುದ್ದ ಚಿಮ್ಮಿತಂತೆ. ನಾನು ಊರಿನಲ್ಲಿರಲಿಲ್ಲ, ಆದರೂ ಕೇಳಿ ಕೇಳಿ ಆ ದೃಶ್ಯವನ್ನು ನಾನೇ ಕಂಡಂತೆ ಆಗಿಬಿಟ್ಟಿದೆ. ಆಗ ತಾನೇ ಹೊಸದಾಗಿ ಚುನಾಯಿತರಾಗಿದ್ದ ಪಂಚಾಯತಿಯ ಹಿರಿಯರೂ ಒಬ್ಬ ಎಂಜಿನಿಯರರೂ ಅದೇ ಸಂಜೆ ನಮ್ಮ ಜಗಲಿಗೆ ಬಂದು ಕುಳಿತರು. ಬಾವಿಗೆ, ಪಂಪುಮನೆಗೆ, ಟ್ಯಾಂಕಿಗೆ ಎಲ್ಲ ಸೇರಿ ಎಂಟು ಗುಂಟೆ ಬೇಕು. ಕೊಂಡುಕೊಳ್ಳಲು ಯೋಜನೆಯಲ್ಲಿ ಹಣವಿಲ್ಲ. ನೆಲವನ್ನು ಊರವರೇ ದಾನವಾಗಿ ಕೊಟ್ಟರೆ ಮಾತ್ರ ಟ್ಯಾಂಕು ಬರುತ್ತದೆ, ಇಲ್ಲದಿದ್ದರೆ ಪಕ್ಕದ ಊರಿಗೆ ಹೋಗುತ್ತದೆ.

ಅಪ್ಪ ಏನೂ ಕೇಳಲಿಲ್ಲವೆಂದು ಹೇಳುವುದಕ್ಕೆ ನನಗೆ ಆಸೆ. ಆದರೆ ಕೇಳಿದರು. ಅಥವಾ ಅವರೇ ಹೇಳಿದರು, ಇವರು ತಲೆಯಾಡಿಸಿದರು. ಈ ವಿಷಯದಲ್ಲಿ ಮನೆಯೊಳಗೇ ಎರಡು ಪಾಠಗಳಿವೆ. "ಟ್ಯಾಂಕು ನಿಮ್ಮ ಹೊಲದಾಗೆ ಇರೋದು. ನೀರು ಬಿಡೋ ಕೆಲಸ ನಿಮ್ಮ ದೊಡ್ಡ ಮಗನಿಗೇ. ಇವತ್ತಿಗೆ ಮುನ್ನೂರು ರೂಪಾಯಿ, ನಾಳೆ ಪರ್ಮನೆಂಟು" ಎಂಬ ಮಾತು ಮಾತ್ರ ಎರಡು ಪಾಠಗಳಲ್ಲಿಯೂ ಒಂದೇ. ಮರುಮಂಜೂರಾದ ಉಂಬಳಿ ಜಮೀನನ್ನು ಪರಭಾರೆ ಮಾಡಕೂಡದೆಂದು 1978ರ ತಿದ್ದುಪಡಿ ಹದಿನೈದು ವರ್ಷದ ನಿರ್ಬಂಧ ಹಾಕಿದ್ದಿತು. ಅದು ಹಿಂದಿನ ವರ್ಷವಷ್ಟೇ ಮುಗಿದಿತ್ತು. ಹೀಗೆ ಅಡ್ಡಿ ಯಾವುದೂ ಇರಲಿಲ್ಲ. ಹತ್ತು ರೂಪಾಯಿಯ ಛಾಪಾ ಕಾಗದದ ಮೇಲೆ ಅಪ್ಪ ಹೆಬ್ಬೆಟ್ಟು ಒತ್ತಿದರು. ಪಂಚಾಯತಿಯ ನಡವಳಿ ಪುಸ್ತಕದಲ್ಲಿ, ದಾನಿಗಳ ಮಗನನ್ನು ನೀರುಗಂಟಿಯಾಗಿ ನೇಮಿಸಿಕೊಳ್ಳಲಾಗಿದೆ ಎಂದು ಒಂದು ಸಾಲು ಏರಿತು. ಮೂವತ್ತೊಂದು ವರ್ಷದ ಹಿಂದೆ ಕಾನೂನು ಅಳಿಸಿಹಾಕಿದ್ದ ಪದವನ್ನು ಪಂಚಾಯತಿಯ ಗುಮಾಸ್ತರು ಯಾವ ಯೋಚನೆಯೂ ಇಲ್ಲದೆ ಮತ್ತೆ ಬರೆದುಬಿಟ್ಟರು! ವಾಟರ್‌ಮನ್ ಎನ್ನುವುದಕ್ಕೆ ಅವರಿಗೆ ತೋಚಿದ ಕನ್ನಡ ಅದೇ.

ಅಣ್ಣ ಹದಿಮೂರು ವರ್ಷ ಆ ಕೆಲಸವನ್ನು ಮಾಡಿದ. ಮಾಡಿದ ಬಗೆಯನ್ನು ನಾನು ಹೊಗಳಿದರೆ ತಮ್ಮನ ಪಕ್ಷಪಾತವೆಂದಾರು. ಆದರೂ ಹೇಳುತ್ತೇನೆ, ತಾತನ ಕಿವಿ ಅವನಿಗೆ ಬಂದಿತ್ತು. ವಿದ್ಯುತ್ತು ಬರುವುದು ನಡುರಾತ್ರಿಯಲ್ಲಿ. ಎದ್ದು ಹೋಗಿ ಮೋಟರು ಹಾಕಿ, ಟ್ಯಾಂಕು ತುಂಬಿಸಿ, ಬೆಳಗಿನ ಜಾವ ಮೇಲಿನ ಬೀದಿಗೊಂದು ವಾಲ್ವು, ಕೆಳಗಿನ ಬೀದಿಗೊಂದು ವಾಲ್ವು, ಕಾಲೋನಿಗೊಂದು ವಾಲ್ವು ತಿರುಗಿಸಿ ಮನೆಗೆ ಬರುವಾಗ ಬಿಸಿಲು ಏರಿರುತ್ತಿತ್ತು. ಎಲ್ಲಿ ಪೈಪು ಒಡೆದಿದೆಯೆಂದು ನೆಲಕ್ಕೆ ಕಿವಿಗೊಟ್ಟು ಹೇಳುತ್ತಿದ್ದ. ಸಂಬಳ ಒಂದು ತಿಂಗಳು ಬಂದರೆ ಎರಡು ತಿಂಗಳು ಬಾರದು. 'ನಾಳೆ ಪರ್ಮನೆಂಟು' ಎಂಬ ಆ ನಾಳೆಗಾಗಿ ಅವನು ಹೊಲದ ಕೆಲಸವನ್ನು ಅತ್ತಿಗೆಗೆ ಬಿಟ್ಟ.

2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಒಂದು ತೀರ್ಪು ಕೊಟ್ಟಿತು. ಉಮಾದೇವಿ ಪ್ರಕರಣವೆಂದು ಅದು ಪ್ರಸಿದ್ಧ. ಅದು ನಮ್ಮ ಕರ್ನಾಟಕದ್ದೇ ಖಟ್ಲೆ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದಿನಗೂಲಿಯ ಮೇಲೆ ದುಡಿದವರು ತಮ್ಮನ್ನು ಖಾಯಂ ಮಾಡಬೇಕೆಂದು ಕೇಳಿದ್ದು. ಜಾಹೀರಾತಿಲ್ಲದೆ, ಸ್ಪರ್ಧೆಯಿಲ್ಲದೆ, ಹಿಂಬಾಗಿಲಿನಿಂದ ಒಳಬಂದವರಿಗೆ ಎಷ್ಟು ವರ್ಷ ದುಡಿದರೂ ಖಾಯಂ ಆಗುವ ಹಕ್ಕಿಲ್ಲವೆಂದು ನ್ಯಾಯಾಲಯ ಹೇಳಿತು. ಒಂದು ಸಣ್ಣ ಕಿಂಡಿಯನ್ನೂ ಬಿಟ್ಟಿತು: ಮಂಜೂರಾದ ಹುದ್ದೆಯಲ್ಲಿ ಅರ್ಹತೆಯುಳ್ಳವರು ನ್ಯಾಯಾಲಯದ ಆಜ್ಞೆಯ ಬಲವಿಲ್ಲದೆ ಹತ್ತು ವರ್ಷಕ್ಕೆ ಮೇಲ್ಪಟ್ಟು ದುಡಿದಿದ್ದು, ಅವರ ನೇಮಕ ಅಕ್ರಮವಾಗಿರದೆ ಬರಿಯ ಕ್ರಮಲೋಪದಿಂದ ಕೂಡಿದ್ದರೆ, ಅಂಥವರನ್ನು ಒಂದೇ ಸಲಕ್ಕೆ ಪರಿಶೀಲಿಸಬಹುದು. ಅಕ್ರಮ ಬೇರೆ, ಕ್ರಮಲೋಪ ಬೇರೆ! ವ್ಯಾಕರಣದ ಮೇಷ್ಟರಾದ ನನಗೆ ಈ ಭೇದ ಬಹಳ ಹಿಡಿಸಿತು. ಅಣ್ಣನನ್ನು ಆ ಕಿಂಡಿಯೊಳಗೆ ತೂರಿಸಬಹುದೆಂದು ನಂಬಿದೆ.

ಅಷ್ಟರಲ್ಲಿ, 2007ರಲ್ಲಿ, ಲೆಕ್ಕ ತಪಾಸಣೆಯವರು ಬಂದು ಈ ನೇಮಕಕ್ಕೆ ಮೇಲಿನವರ ಅನುಮೋದನೆ ಎಲ್ಲಿದೆಯೆಂದು ಕೇಳಿದರು. ಇರಲಿಲ್ಲ. ಪಂಚಾಯತಿ ನೋಟೀಸು ಹಚ್ಚಿ ಅರ್ಜಿ ಕರೆಯಿತು. ಎಸ್.ಎಸ್.ಎಲ್.ಸಿ. ಪಾಸಾದ ಒಬ್ಬ ಹುಡುಗನ ಆಯ್ಕೆಯಾಯಿತು. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ನಮ್ಮಣ್ಣ ಪಂಪುಮನೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಂದ.

ನಾನು ಅಪ್ಪನನ್ನೂ ಅಣ್ಣನನ್ನೂ ಕರೆದುಕೊಂಡು ವಕೀಲರಲ್ಲಿಗೆ ಹೋದೆ. ಅವರು ವಯಸ್ಸಾದವರು, ಮಾತು ಕಡಿಮೆ. ಛಾಪಾ ಕಾಗದವನ್ನೂ ನಡವಳಿಯ ನಕಲನ್ನೂ ಓದಿ, ಕನ್ನಡಕವನ್ನು ತೆಗೆದು ಅಪ್ಪನನ್ನು ಕೇಳಿದರು:

"ಯಜಮಾನರೇ, ಇದು ದಾನವೋ, ವ್ಯಾಪಾರವೋ?"

ಅಪ್ಪನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ವಕೀಲರು ನನ್ನ ಕಡೆಗೆ ತಿರುಗಿ ಬಿಡಿಸಿ ಹೇಳಿದರು. ದಾನವೆಂದರೆ ಪ್ರತಿಫಲವಿಲ್ಲದೆ ಕೊಡುವುದು. 1882ರ ಸ್ವತ್ತು ವರ್ಗಾವಣೆ ಕಾಯಿದೆ ಹಾಗೆಯೇ ಹೇಳುತ್ತದೆ. ಸ್ಥಿರಾಸ್ತಿಯಾದರೆ ನೋಂದಣಿಯಾದ ಪತ್ರ, ಇಬ್ಬರು ಸಾಕ್ಷಿಗಳು ಬೇಕು. ಇದು ನೋಂದಣಿಯಾಗಿಲ್ಲ. ಆಗಿದ್ದರೂ, ದಾನ ಮಾಡಿದೆನೆಂದ ಮೇಲೆ ನೌಕರಿ ಕೇಳುವುದು ಹೇಗೆ? ಅಲ್ಲ, ನೆಲ ಕೊಟ್ಟು ನೌಕರಿ ಕೊಂಡೆವು ಎನ್ನೋಣವೆಂದರೆ ಅದು ಇನ್ನೂ ಕಷ್ಟ. 1872ರ ಕರಾರು ಕಾಯಿದೆಯ 23ನೆಯ ಕಲಮಿನ ಕೆಳಗೆ ಒಂದು ಉದಾಹರಣೆಯಿದೆ: ಒಬ್ಬನು ಇನ್ನೊಬ್ಬನಿಗೆ ಸರಕಾರಿ ನೌಕರಿ ಕೊಡಿಸುತ್ತೇನೆನ್ನುತ್ತಾನೆ, ಅವನು ಇವನಿಗೆ ಸಾವಿರ ರೂಪಾಯಿ ಕೊಡುತ್ತೇನೆನ್ನುತ್ತಾನೆ, ಆ ಕರಾರು ಶೂನ್ಯ. ಸಾವಿರ ರೂಪಾಯಿಯಿದ್ದ ಕಡೆಯಲ್ಲಿ ಎಂಟು ಗುಂಟೆ ಎಂದು ಬರೆದುಕೊಂಡರಾಯಿತು.

"ಎರಡರಲ್ಲಿ ಒಂದನ್ನು ಹೇಳಬೇಕು. ಯಾವುದನ್ನು ಹೇಳಿದರೂ ನೌಕರಿ ಸಿಕ್ಕುವುದು ಕಷ್ಟ" ಎಂದರು ವಕೀಲರು.

ಅಪ್ಪ ಆಗ ಬಾಯಿಬಿಟ್ಟರು: "ಸ್ವಾಮಿ, ನಾನು ನೀರಿಗೆ ಕೊಟ್ಟೆ."

ಆ ಮಾತನ್ನು ಅರ್ಜಿಯಲ್ಲಿ ಬರೆಯಲು ಯಾವ ಕಲಮಿನಲ್ಲಿಯೂ ಜಾಗವಿರಲಿಲ್ಲ. ಆದುದರಿಂದ ನಾನು ಬೇರೆ ಮಾತುಗಳನ್ನು ಬರೆದೆ. ಪಂಚಾಯತಿ ವಚನ ಕೊಟ್ಟಿದೆ, ವಚನವನ್ನು ನಂಬಿ ನಾವು ನೆಲ ಕಳೆದುಕೊಂಡಿದ್ದೇವೆ, ವಚನಭಂಗ ಸಲ್ಲದು ಎಂದು ಬರೆದೆ. ಅರ್ಜಿದಾರನ ಕುಟುಂಬ ತಲೆತಲಾಂತರದಿಂದ ಈ ಊರಿನ ನೀರನ್ನು ನೋಡಿಕೊಂಡು ಬಂದಿದೆ ಎಂದೂ ಬರೆದೆ. ಈ ಕೊನೆಯ ವಾಕ್ಯ ನನಗೆ ಬಹಳ ಚೆನ್ನಾಗಿ ಬಂದಿದೆಯೆಂದು ತೋರಿತ್ತು. ವಕೀಲರು ಅದರ ಮೇಲೆ ಗೆರೆ ಎಳೆದು, "ಇದನ್ನು ಓದಿದರೆ ಇದ್ದ ಅರ್ಧ ಖಟ್ಲೆಯೂ ಹೋಗುತ್ತದೆ, ಮೇಷ್ಟರೇ. ದಶರಥರಾಮರಾಯರ ತೀರ್ಪನ್ನು ಓದಿ" ಎಂದರು. ಆ ತೀರ್ಪನ್ನು ನಾನು ಓದಿದ್ದು ಹಾಗೆ. ಓದುತ್ತಾ ಹೋದಂತೆ, ನನ್ನ ಅರ್ಜಿಯಲ್ಲಿ ಉಂಬಳಿಯ ಕಾಲದ ನೀರುಗಂಟಿಯೇ ಮರಳಿ ಎದ್ದು ಕುಳಿತಿರುವುದು ಕಾಣಿಸಿತು. ತಾತನ ಕಾಲದಲ್ಲಿ ಹುದ್ದೆಗೆ ಹೊಲ ಬರುತ್ತಿತ್ತು. ಈಗ ಹೊಲಕ್ಕೆ ಹುದ್ದೆ ಬಂದಿತ್ತು. ನಾನು ಕೇಳುತ್ತಿದ್ದುದು ಹೊಸ ನ್ಯಾಯವೆಂದು ತಿಳಿದಿದ್ದೆ.

ಆದರೂ ಖಟ್ಲೆ ಹಾಕಿದೆವು. ಅಭಿಮಾನವೂ ಒಂದು ಕಾರಣವೇ.

ಇಂಥ ವ್ಯಾಜ್ಯ ನಮ್ಮೊಬ್ಬರದೇ ಅಲ್ಲವೆಂಬುದು ಆ ನಾಲ್ಕು ವರ್ಷಗಳಲ್ಲಿ ತಿಳಿಯುತ್ತ ಬಂದಿತು. ಜಮ್ಮು ಮತ್ತು ಕಾಶ್ಮೀರದಲ್ಲಿ ಶಾಲೆಗೋ ಆಸ್ಪತ್ರೆಗೋ ನೀರಿನ ಯೋಜನೆಗೋ ನೆಲ ಬಿಟ್ಟುಕೊಟ್ಟ ಮನೆಯ ಒಬ್ಬರಿಗೆ ನಾಲ್ಕನೆಯ ದರ್ಜೆಯ ಕೆಲಸ ಕೊಡುವ ವಾಡಿಕೆಯೇ ಇದ್ದಿತು. ಕೆಲಸ ಸಿಕ್ಕದವರು, ಸಿಕ್ಕಿ ಕಳೆದುಕೊಂಡವರು ನ್ಯಾಯಾಲಯಗಳ ಮೆಟ್ಟಿಲು ಸವೆಸಿದ್ದಾರೆ. ರೂರ್ಕೆಲಾದ ಉಕ್ಕಿನ ಕಾರ್ಖಾನೆಗೆ ಭೂಮಿ ಕಳೆದುಕೊಂಡವರು ಮನೆಗೊಂದು ನೌಕರಿ ಬೇಕೆಂದು ಸುಪ್ರೀಂ ಕೋರ್ಟಿಗೆ ಹೋದಾಗ, ಭೂಮಿಗೆ ಪರಿಹಾರ ಕೊಟ್ಟ ಮೇಲೆ ನೌಕರಿಯನ್ನೂ ಕೊಡಲೇಬೇಕೆಂಬ ಹಕ್ಕು ಹುಟ್ಟುವುದಿಲ್ಲವೆಂದು 1995ರಲ್ಲಿ, ಬುತು ಪ್ರಸಾದ್ ಕುಂಭಾರ್ ಪ್ರಕರಣದಲ್ಲಿ, ತೀರ್ಮಾನವಾಯಿತು. ಅವರದು ಬಲವಂತದಿಂದ ಹೋದ ಭೂಮಿ, ಅದಕ್ಕೆ ಹಣವಾದರೂ ಬಂದಿತ್ತು. ನಮ್ಮದು ಹೆಬ್ಬೆಟ್ಟೊತ್ತಿ ಕೊಟ್ಟ ಭೂಮಿ. ಹಣವೂ ಇಲ್ಲ. ರೈಲ್ವೆಯ ನೌಕರಿಗೆ ಪ್ರತಿಯಾಗಿ ಖಾಸಗಿಯವರು ಭೂಮಿ ಬರೆಸಿಕೊಂಡರೆಂದು 2022ರಲ್ಲಿ ಸಿ.ಬಿ.ಐ. ಹೂಡಿದ ಮೊಕದ್ದಮೆಯ ಸುದ್ದಿಯನ್ನು ಓದಿದಾಗ ನಮ್ಮೂರಿನ ಒಬ್ಬರು ಫೋನು ಮಾಡಿ, "ನಿಮ್ಮದೂ ಇದೇ ಕೇಸಲ್ಲವೇ ಮೇಷ್ಟ್ರೇ?" ಎಂದರು. ಅಲ್ಲ. ನಮ್ಮ ನೆಲದ ನೀರನ್ನು ಅವರ ಮನೆಯವರೂ ಕುಡಿಯುತ್ತಿದ್ದಾರೆ. ಅಷ್ಟು ಹೇಳಿ ಫೋನು ಇಟ್ಟೆ.

ಖಟ್ಲೆ ನಡೆಯುತ್ತಿದ್ದಾಗಲೇ, 2009ರಲ್ಲಿ, ಅಪ್ಪ ತೀರಿಕೊಂಡರು. ತಿಥಿಯ ದಿನ ಊಟದ ಮನೆಗೆ ನೀರು ತುಂಬಿಸಲು ಆ ಹೊಸ ಹುಡುಗ ಬಂದಿದ್ದ. ಅವನನ್ನು ಪ್ರತಿವಾದಿಯೆಂದು ನಾವು ಕೋರ್ಟಿಗೆ ಎಳೆದಿದ್ದೆವು. ಕಾಲೋನಿಯ ಒಬ್ಬ ವಿಧವೆಯ ಮಗ. ತಾಯಿ ಕೂಲಿ ಮಾಡಿ ಅವನನ್ನು ಓದಿಸಿದ್ದಳು. ಹಂಡೆ ತುಂಬಿದ ಮೇಲೆ ಅವನು ಹೋಗದೆ ಬೇವಿನ ಮರದ ಕೆಳಗೆ ನಿಂತಿದ್ದ. ನಾನು ಹತ್ತಿರ ಹೋದೆ.

"ಮೇಷ್ಟ್ರೇ, ಒಂದು ಮಾತು ಕೇಳ್ತೀನಿ, ಬೇಸರ ಮಾಡಿಕೋಬಾರದು" ಎಂದ. "ನೀವು ಎಂಟು ಗುಂಟೆ ಕೊಟ್ಟಿರಿ, ಕೆಲಸ ನಿಮಗೆ ಬರಬೇಕು ಅಂತೀರಿ. ನಮ್ಮವ್ವನ ತಾವ ಕೊಡೋಕೆ ಎಂಟು ಅಡಿನೂ ಇರಲಿಲ್ಲ. ಇದ್ದಿದ್ರೆ ಅವಳೂ ಕೊಡ್ತಿದ್ದಳು. ಹಂಗಾದ್ರೆ ನಾನೆಲ್ಲಿ ಹೋಗಿ ಕೆಲಸ ಕೇಳಬೇಕು?"

ನಾನು ಮೂವತ್ತು ವರ್ಷ ಪಾಠ ಹೇಳಿದವನು. ಮಕ್ಕಳ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ 'ನಾಳೆ ಹೇಳುತ್ತೇನೆ' ಎನ್ನುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಆ ದಿನ ಅದೂ ಬಾಯಿಗೆ ಬರಲಿಲ್ಲ. ಊಟ ಮಾಡಿಕೊಂಡು ಹೋಗು ಎಂದೆ. ಅವನು ಊಟ ಮಾಡಿದ.

ಒಳಗೆ ಬಂದು ಅಣ್ಣನಿಗೆ ಹೇಳಿದೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, "ಅವನು ಕೇಳೋದು ಸರಿಯೇ. ಆದ್ರೆ ನನ್ನ ಹದಿಮೂರು ವರ್ಷ ಯಾರ ಲೆಕ್ಕಕ್ಕೆ?" ಎಂದ. ಅದೂ ಸರಿಯೇ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. 16ನೆಯ ವಿಧಿ ವಕೀಲರ ಕೋಣೆಯಲ್ಲಿ ಕೇಳಿದಾಗ ನಮ್ಮನ್ನು ಹೊರಗಟ್ಟುವ ಬಾಗಿಲಿನಂತೆ ತೋರಿತ್ತು. ಬೇವಿನ ಮರದ ಕೆಳಗೆ ಅದು ಆ ವಿಧವೆಯ ಮಗನಿಗಿದ್ದ ಒಂದೇ ಒಂದು ಉಂಬಳಿಯಂತೆ ತೋರಿತು. ಭೂಮಿ ಕೊಟ್ಟವನಿಗೆ ಹುದ್ದೆ ಎಂಬ ನಿಯಮ ನಿಂತರೆ, ಕೊಡಲು ಭೂಮಿಯಿದ್ದವನು ಮಾತ್ರ ಊರಿನ ಕೆಲಸಗಾರನಾಗುತ್ತಾನೆ. ನಮ್ಮ ಊರಿನಲ್ಲಿ ಯಾರ ಬಳಿ ಭೂಮಿಯಿದೆ, ಯಾರ ಬಳಿ ಇಲ್ಲ ಎಂಬುದನ್ನು ಹೇಳಲು ಪಹಣಿಯೇನೂ ಬೇಕಾಗಿಲ್ಲ. ಮೂರು ವಾಲ್ವುಗಳ ಹೆಸರೇ ಸಾಕು.

2011ರಲ್ಲಿ ತೀರ್ಪು ಬಂದಿತು. ಹುದ್ದೆ ಮಂಜೂರಾದದ್ದಲ್ಲ, ನೇಮಕಕ್ಕೆ ಅನುಮೋದನೆಯಿಲ್ಲ, ಯಾರಿಗೂ ಅರ್ಜಿ ಹಾಕುವ ಅವಕಾಶ ಕೊಟ್ಟಿರಲಿಲ್ಲ. ಆದುದರಿಂದ ಇದು ಕ್ರಮಲೋಪವಲ್ಲ, ಅಕ್ರಮ. ಸಂವಿಧಾನಕ್ಕೆ ವಿರುದ್ಧವಾಗಿ ಕೊಟ್ಟ ವಚನ ವಚನವೇ ಅಲ್ಲ. ಜಮೀನಿನ ವಿಷಯದಲ್ಲಿ ಏನಾದರೂ ಕೇಳುವುದಿದ್ದರೆ ಬೇರೆಯಾಗಿ ಕೇಳಿಕೊಳ್ಳಬಹುದು. ಇಷ್ಟು.

ಆ ಕೊನೆಯ ವಾಕ್ಯದ ಬೆಲೆ ನಮಗಾಗ ತಿಳಿಯಲಿಲ್ಲ. ಸೋತೆವೆಂಬುದಷ್ಟೇ ತಿಳಿಯಿತು. ಈ ಜಾತಿಯ ವ್ಯಾಜ್ಯಗಳಲ್ಲಿ ನನಗೆ ಈಗ ದೊಡ್ಡ ಅನ್ಯಾಯವೆಂದು ಕಾಣುವುದು ಇದು: ನೌಕರಿ ಕಳೆದುಕೊಂಡವನು ನೌಕರಿಗಾಗಿಯೇ ಹೋರಾಡುತ್ತಾನೆ, ಅಲ್ಲಿ ಸೋಲುತ್ತಾನೆ, ಭೂಮಿಯ ಮಾತು ಯಾರ ಬಾಯಿಯಲ್ಲಿಯೂ ಉಳಿಯುವುದಿಲ್ಲ. ಕರಾರು ಶೂನ್ಯವಾದರೆ ಎರಡು ಕಡೆಗೂ ಶೂನ್ಯವಾಗಬೇಕಷ್ಟೆ? ಕೊಟ್ಟ ಕೆಲಸವನ್ನು ಕಿತ್ತುಕೊಂಡ ಮೇಲೆ ತೆಗೆದುಕೊಂಡ ನೆಲಕ್ಕೆ ಬೆಲೆಯನ್ನಾದರೂ ಕಟ್ಟಬೇಡವೇ? ನಮ್ಮ ಊರಿನವರು ಯಾರೂ ಟ್ಯಾಂಕನ್ನು ಕೆಡವೆಂದು ಹೇಳುತ್ತಿಲ್ಲ, ನಾವೂ ಹೇಳುವುದಿಲ್ಲ. ನೆಲ ಬೇಕಾದಾಗ ಅದು ದಾನ. ಕೆಲಸ ಕೊಡುವಾಗ ಅದು ವಿನಿಮಯ. ಕೆಲಸ ಕಸಿದುಕೊಳ್ಳುವಾಗ ಮತ್ತೆ ದಾನ. ಇಂಥ ವಿಭಕ್ತಿ ಪಲ್ಲಟವನ್ನು ನಾನು ಯಾವ ವ್ಯಾಕರಣದಲ್ಲಿಯೂ ಕಂಡಿಲ್ಲ.

ದಾನವೆಂದರೆ ದಾನವೇ ಆಗಿ ಉಳಿದದ್ದನ್ನೂ ನಾವು ಕಂಡಿದ್ದೇವೆ. ಕೊಪ್ಪಳ ಜಿಲ್ಲೆಯ ಕುಣಿಕೇರಿಯ ಹುಚ್ಚಮ್ಮ ಚೌದ್ರಿಯವರು ತಮ್ಮ ಎರಡು ಎಕರೆಯನ್ನು ಸರಕಾರಿ ಶಾಲೆಗೆ ಕೊಟ್ಟರು. ಅದೇ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟದ ಅಡುಗೆ ಮಾಡಿದರು. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದಾಗ ನಮ್ಮ ಅತ್ತಿಗೆ ಪತ್ರಿಕೆಯಲ್ಲಿದ್ದ ಅವರ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಈಯಮ್ಮ ಯಾರ ಮೇಲೂ ಕೇಸು ಹಾಕಿಲ್ಲ, ನೋಡಿ" ಎಂದರು. ಅದರಲ್ಲಿ ನನಗೊಂದು ಏಟು ಇದ್ದಿತು, ತೆಗೆದುಕೊಂಡೆ. ಆದರೆ ಎಲ್ಲರೂ ಹುಚ್ಚಮ್ಮನವರಾಗಬೇಕೆಂದು ಸರಕಾರ ಲೆಕ್ಕ ಹಾಕಿಕೊಂಡು ಯೋಜನೆಗಳನ್ನು ಮಾಡತೊಡಗಿದರೆ ಅದು ಬೇರೆಯ ಮಾತು.

2013ರ ಭೂಸ್ವಾಧೀನದ ಹೊಸ ಕಾನೂನು, ಯೋಜನೆಯಿಂದ ಉದ್ಯೋಗ ಹುಟ್ಟುವ ಕಡೆಗಳಲ್ಲಿ ಭೂಮಿ ಹೋದ ಕುಟುಂಬಕ್ಕೆ ಒಂದು ಕೆಲಸ, ಇಲ್ಲವೇ ಒಂದೇ ಗಂಟಿಗೆ 5 ಲಕ್ಷ ರೂಪಾಯಿ, ಅದೂ ಇಲ್ಲವೇ ತಿಂಗಳಿಗೆ 2000ಕ್ಕೆ ಕಡಮೆಯಿಲ್ಲದಂತೆ 20 ವರ್ಷ, ಎಂಬ ಆಯ್ಕೆಯನ್ನು ಇಟ್ಟಿದೆ. ಆ ಕೆಲಸ ಕಾನೂನಿನ ಮೂಲಕ ಬರುವ ಪುನರ್ವಸತಿ, ಜಗಲಿಯ ಮೇಲಿನ ಮಾತಲ್ಲ. ಆದರೆ ಸ್ವಾಧೀನವೇ ಆಗದೆ, ಹೆಬ್ಬೆಟ್ಟಿನಿಂದ ಹೋದ ನೆಲಕ್ಕೆ ಅದು ಒದಗುವುದಿಲ್ಲ.

ನಮಗೆ ದಾರಿ ತೋರಿಸಿದ್ದು ಹಿಮಾಚಲ ಪ್ರದೇಶದ ಒಬ್ಬ ಅಜ್ಜಿ. ಅವರ ಹೆಸರು ವಿದ್ಯಾ ದೇವಿ. 1967-68ರಲ್ಲಿ ರಸ್ತೆಗೆಂದು ಅವರ ಭೂಮಿಯನ್ನು ಸರಕಾರ ತೆಗೆದುಕೊಂಡಿತು. ಸ್ವಾಧೀನದ ಕ್ರಮವಿಲ್ಲ, ಪರಿಹಾರವಿಲ್ಲ. ಓದು ಬರಹ ಬಾರದ ಆ ವಿಧವೆ ಬಹುಕಾಲದ ಮೇಲೆ ನ್ಯಾಯಾಲಯಕ್ಕೆ ಬಂದಾಗ, ಅವರು ಬಾಯಿಮಾತಿನಲ್ಲಿ ಒಪ್ಪಿದ್ದರು, ಈಗ ತಡವಾಯಿತು, ಇಷ್ಟು ವರ್ಷದ ಅನುಭವದಿಂದ ಭೂಮಿ ನಮ್ಮದೇ ಆಯಿತು ಎಂದೆಲ್ಲ ಸರಕಾರ ವಾದಿಸಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದನ್ನೂ ಒಪ್ಪಲಿಲ್ಲ. ಆಸ್ತಿಯ ಹಕ್ಕು 1978ರ 44ನೆಯ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಸಾಲಿನಿಂದ ಹೊರಗೆ ಹೋಗಿದ್ದರೂ 300ಎ ವಿಧಿಯಲ್ಲಿ ನಿಂತಿದೆ, ಕಾನೂನಿನ ಬಲವಿಲ್ಲದೆ ಯಾರ ಸ್ವತ್ತನ್ನೂ ತೆಗೆದುಕೊಳ್ಳಕೂಡದು, ಸ್ವಂತ ಪ್ರಜೆಯ ಭೂಮಿಯ ಮೇಲೆ ಸರಕಾರ ಅನುಭವದ ಹಕ್ಕನ್ನು ಹೇಳಕೂಡದು ಎಂದು ಹೇಳಿ, ಪರಿಹಾರ ಕೊಡಿಸಿತು. ಆಗ ಆಕೆಗೆ ಸುಮಾರು ಎಂಬತ್ತು ವರ್ಷ. 2022ರಲ್ಲಿ ಅದೇ ರಾಜ್ಯದ ಸುಖದತ್ತ ರಾತ್ರಾ ಅವರ ಖಟ್ಲೆಯಲ್ಲಿಯೂ ಇಂಥದೇ ತೀರ್ಪಾಯಿತು.

ವಿದ್ಯಾ ದೇವಿಯವರ ತೀರ್ಪಿನ ನಕಲನ್ನು ವಕೀಲರ ಮಗ ನನಗೆ ಕಳಿಸಿದ. ಹಿರಿಯರು ಆಗ ಇರಲಿಲ್ಲ. ಅಣ್ಣನ ಎದುರು ಕುಳಿತು ಕನ್ನಡದಲ್ಲಿ ಓದಿ ಹೇಳಿದೆ. ಕೆಲಸ ಕೇಳುವುದು ಬೇಡ, ನೆಲದ ಬೆಲೆಯನ್ನು ಮಾತ್ರ ಕೇಳೋಣ. ಆ ಹುಡುಗನಿಗೂ ಇದರಿಂದ ತೊಂದರೆಯಿಲ್ಲ ಎಂದೆ. ನಾವು ಹೆಬ್ಬೆಟ್ಟು ಒತ್ತಿದ್ದೇವೆ, ವಿದ್ಯಾ ದೇವಿಯವರು ಒತ್ತಿರಲಿಲ್ಲ. ಈ ವ್ಯತ್ಯಾಸವನ್ನು ಎದುರು ಪಕ್ಷದವರು ಬಿಡುವುದಿಲ್ಲವೆಂದೂ ಮುಚ್ಚಿಡದೆ ಹೇಳಿದೆ.

ಅಣ್ಣ ಕೇಳಿದ: "ಬೆಲೆ ಬಂದರೆ, ಅಪ್ಪ ನೀರಿಗೆ ಕೊಟ್ಟದ್ದು ಸುಳ್ಳಾಗ್ತದಾ?"

"ಇಲ್ಲ" ಎಂದೆ. ನನಗೆ ಅಷ್ಟು ಖಚಿತವಿರಲಿಲ್ಲ.

ಅವನು ಅರ್ಜಿಗೆ ರುಜು ಹಾಕಿದ. ಪಹಣಿ ತೆಗೆಸಲು ನಾನು ತಾಲ್ಲೂಕು ಕಚೇರಿಗೆ ಹೋಗಿದ್ದು ಇದಕ್ಕಾಗಿಯೇ. ಅಲ್ಲಿ ಅಪ್ಪನ ಹೆಸರನ್ನು ಕಂಡದ್ದು, ಕಲ್ಲುಬೆಂಚಿನ ಮೇಲೆ ಕುಳಿತದ್ದು, ಎಲ್ಲ ಮೊದಲೇ ಹೇಳಿದ್ದೇನೆ. ಇಪ್ಪತ್ತೇಳು ವರ್ಷವೂ ಆ ಎಂಟು ಗುಂಟೆಗೆ ಕಂದಾಯ ಕಟ್ಟುತ್ತ ಬಂದವನು ಅಣ್ಣ. ಹೊಲದ ಕಂದಾಯದೊಡನೆ ಅದೂ ಸೇರಿರುತ್ತಿತ್ತು, ಬೇರೆಯಾಗಿ ನೋಡಿಯೇ ಇರಲಿಲ್ಲ. ಅರ್ಜಿ ಕೊಟ್ಟೆವು. ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಮೊದಲಿನದಕ್ಕೆ ಹಿಂದಿರುಗಿತು.

ಈ ನಡುವೆ, 2019ರಲ್ಲಿ ಘೋಷಣೆಯಾಗಿದ್ದ ಜಲಜೀವನ ಯೋಜನೆಯ ಕೆಲಸ ನಮ್ಮೂರಿಗೂ ಬಂದಿತು. ಮನೆ ಮನೆಗೆ ನಲ್ಲಿ ಹಾಕಲು ಬೀದಿಗಳನ್ನು ಅಗೆದರು. ಹಳೆಯ ಪೈಪು ಎಲ್ಲಿ ಹೋಗಿದೆಯೆಂದು ನಕ್ಷೆಯಿಲ್ಲ. ಅಗೆಯುವ ಯಂತ್ರ ಎರಡು ಕಡೆ ಅದನ್ನು ಒಡೆದು ಕಾಲೋನಿಗೆ ಮೂರು ದಿನ ನೀರಿಲ್ಲದಂತಾಯಿತು. ನಾನು ಊರಿಗೆ ಹೋಗಿದ್ದ ದಿನ, ಇನ್ನೂ ಬೆಳಕು ಹರಿದಿರಲಿಲ್ಲ, ಬಾಗಿಲಲ್ಲಿ ಯಾರೋ ಕೂಗಿದರು. ಆ ಹುಡುಗ, ಈಗ ಹುಡುಗನೇನಲ್ಲ, ಮೀಸೆಯಲ್ಲಿ ಬಿಳಿ ಕೂದಲು ಬಂದಿದೆ, ಕೈಯಲ್ಲಿ ಬ್ಯಾಟರಿ ಹಿಡಿದು ನಿಂತಿದ್ದ.

"ದೊಡ್ಡಣ್ಣಾ, ಕೆಳಗಿನ ಲೈನು ಮೋರಿಯಿಂದ ಆಚೆಗೆ ಯಾವ ಕಡೆ ತಿರುಗುತ್ತೆ? ಯಾರಿಗೂ ಗೊತ್ತಾಗ್ತಿಲ್ಲ."

ಅಣ್ಣ ಹೊದ್ದಿದ್ದ ಕಂಬಳಿಯನ್ನು ತೆಗೆದು ಹೆಗಲಿಗೆ ಹಾಕಿಕೊಂಡ. ಮೂಲೆಯಲ್ಲಿದ್ದ ಸಲಿಕೆಯನ್ನು ತೆಗೆದುಕೊಂಡ. "ಮೋಟರು ಹಾಕು, ಕೇಳಿ ಹೇಳ್ತೀನಿ" ಎಂದು ಅವನೊಡನೆ ಹೊರಟ. ಸ್ವಲ್ಪ ಹೊತ್ತಿನ ಮೇಲೆ ನಾನೂ ಹೋಗಿ ನೋಡಿದೆ. ಮೋರಿಯ ಪಕ್ಕದಲ್ಲಿ ಅಣ್ಣ ಮೊಣಕಾಲೂರಿ ನೆಲಕ್ಕೆ ಕಿವಿಯಿಟ್ಟಿದ್ದ. ಇನ್ನೊಬ್ಬನು ಬ್ಯಾಟರಿಯನ್ನು ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಅವನ ಕೈ ಯಾವ ಕಡೆಗೆ ತೋರಿಸುತ್ತದೆಯೋ ಎಂದು ಕಾಯುತ್ತಿದ್ದ.